ಚಿನ್ನು ವಿಷಯ, ಜೊತೆಗೆ ನಾಯಿ ಸಾಕಿರೋರಿಗೆ ಎರಡು ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಪಾರ್ಕ್ ಹಿಂದಿನ ಕ್ರಾಸ್‌ನಲ್ಲಿ ನಾಲ್ಕು ಬೀದಿನಾಯಿ ಸೇರಿ ನಮ್ಮ ನಾಯಿ ಚಿನ್ನು ಮೇಲೆ ಬಿದ್ದವು. ವಿಚಾರಿಸಿ ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್. ಈಗ ಪರವಾಗಿಲ್ಲ, ಮೊಸರನ್ನ ತಿಂತಿದ್ದಾಳೆ.

ಕುತ್ತಿಗೆ ಹತ್ರ ಕಡಲೆಕಾಳಿನಷ್ಟು ಎರಡು ತೂತು ಮಾತ್ರ ಕಾಣ್ತಿತ್ತು. ಅರಿಶಿನ ಹಚ್ಚಿ ಸುಮ್ಮನಿರೋಣ ಅಂದುಕೊಂಡಿದ್ದೆ. ಡಾಕ್ಟರು ಕೂದಲು ಬೋಳಿಸಿ ನೋಡಿದರೆ ಒಳಗೆ ಚರ್ಮ ಮಾಂಸದಿಂದ ಬಿಟ್ಟುಕೊಂಡಿತ್ತು! ಕಚ್ಚಿದ ಗಾಯ ಮೇಲೆ ಚಿಕ್ಕದು, ಒಳಗೆ ದೊಡ್ಡದು. ಹಾಗಾಗಿ ಅವತ್ತೇ ತೋರಿಸಿ. ರೇಬೀಸ್ ಲಸಿಕೆ ಮೊದಲೇ ಆಗಿದ್ದರೂ ಮತ್ತೆ ಹಾಕಿಸಬೇಕು. ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಅಂತೂ ಕೊಡಲೇಬೇಡಿ, ನಾಯಿಗೆ ಅದು ವಿಷ.

ಬಿಡಿಸೋಕೆ ಹೋಗಿ ನನ್ನ ಕೈಗೂ ಹಲ್ಲು ತಾಗಿತು. ಸೋಪು ಹಾಕಿ 15 ನಿಮಿಷ ನಲ್ಲಿ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋದೆ. ತರಚಿದ್ದಾದರೂ ಇಂಜೆಕ್ಷನ್ ತಪ್ಪಿಸಬೇಡಿ.

ಗಾಯಕ್ಕಿಂತ ಭಯಾನೇ ಜಾಸ್ತಿ. ವಾಕಿಂಗ್‌ಗೆ ಅಂತ ಬೆಲ್ಟ್ ಕೈಗೆ ತಗೊಂಡರೆ ಮಂಚದ ಕೆಳಗೆ ಸೇರ್ತಾಳೆ. ಎಳೆಯಬಾರದಂತೆ. ಸದ್ಯ ಗೇಟಿನ ತನಕ ಐದು ನಿಮಿಷ, ಅಷ್ಟೇ. ನನಗೂ ಆ ಕ್ರಾಸ್ ದಾಟುವಾಗ ಎದೆ ಡವಡವ. "ನಾಯಿಗೆ ಇಷ್ಟೊಂದಾ" ಅಂತ ದಯವಿಟ್ಟು ಅನ್ನಬೇಡಿ.

ಬೀದಿನಾಯಿಗಳಿಗೆ ವಿಷ ಹಾಕೋ ಮಾತು ಗುಂಪಲ್ಲಿ ಬಂತು. ಅದು ಬೇಡ, ಅಪರಾಧ ಕೂಡ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಸಂತಾನಹರಣ, ಲಸಿಕೆ ಮಾಡಿಸಬೇಕು. ಅದನ್ನೇ ಕೇಳಿ ಅರ್ಜಿ ಬರೆದಿಟ್ಟಿದ್ದೀನಿ, ಸಂಜೆ ಆರಕ್ಕೆ ನಮ್ಮ ಮನೆಗೆ ಬಂದು ಸಹಿ ಹಾಕಿ. ಬೆಲ್ ಒತ್ತಬೇಡಿ, ಬೆಚ್ಚಿ ಬೀಳ್ತಾಳೆ.