ಪ್ಯಾಟ್ರಿಷಿಯಾ ಹಂಟ್ ಅವರ ಇಲಿಗಳು ಮತ್ತು ನಮ್ಮ ಮನೆಯ ನೀರಿನ ಕ್ಯಾನ್

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಕಟ್ಟಿಕೊಂಡ ಚರಂಡಿ, ಕೆರೆಯ ಕಸ, ಹಸುವಿನ ಹೊಟ್ಟೆಯಲ್ಲಿ ಸಿಕ್ಕ ಕವರ್‌ಗಳ ಸುದ್ದಿ. ಅದೂ ಬೇಕು. ಆದರೆ ಪ್ಲಾಸ್ಟಿಕ್‌ನಿಂದ ಇಳಿದು ಬರುವ ರಾಸಾಯನಿಕ ಅಂಡಾಣುವಿನ ಒಳಗೆ ಏನು ಮಾಡುತ್ತದೆ ಅಂತ ಇಲಿಗಳಲ್ಲಿ ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ಪ್ಯಾಟ್ರಿಷಿಯಾ ಹಂಟ್ ಬಗ್ಗೆ ಕನ್ನಡದಲ್ಲಿ ಓದಿದ ನೆನಪು ನನಗಿಲ್ಲ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ಅದಕ್ಕೇ ಬರೆಯುತ್ತಿದ್ದೇನೆ.

ಹಂಟ್ ಅವರು ಪ್ಲಾಸ್ಟಿಕ್ ಬಗ್ಗೆ ಸಂಶೋಧನೆ ಮಾಡಲು ಹೊರಟವರಲ್ಲ. ವಯಸ್ಸಾದಂತೆ ಹೆಂಗಸರ ಅಂಡಾಣುವಿನಲ್ಲಿ ಕ್ರೋಮೋಸೋಮ್‌ಗಳ, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳ, ಲೆಕ್ಕ ಯಾಕೆ ತಪ್ಪುತ್ತದೆ ಅನ್ನುವುದು ಅವರ ಪ್ರಶ್ನೆಯಾಗಿತ್ತು. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್, ಅಂಡಾಣುವಿನಲ್ಲಿ ಅದರ ಅರ್ಧ, 23. ಹಂಚಿಕೆಯಲ್ಲಿ 21ನೆಯದು ಒಂದು ಹೆಚ್ಚಾಗಿ ಉಳಿದರೆ ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ ಬುದ್ಧಿಯ ಬೆಳವಣಿಗೆ ನಿಧಾನವಾಗುವ ಹುಟ್ಟು ಸ್ಥಿತಿ. ಬೇರೆ ಕ್ರೋಮೋಸೋಮ್ ಹೆಚ್ಚುಕಮ್ಮಿಯಾದರೆ ಸಾಮಾನ್ಯವಾಗಿ ಗರ್ಭವೇ ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಇಂಥ ತಪ್ಪು ಹಂಚಿಕೆಯೇ ಕಾರಣ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಪಪ್ಪಾಯಿ ತಿಂದಳು, ಭಾರ ಎತ್ತಿದಳು, ಗಾಡಿ ಓಡಿಸಿದಳು ಅಂತ ಎಲ್ಲ ತಪ್ಪನ್ನೂ ಆ ಹೆಣ್ಣುಮಗಳ ತಲೆಗೇ ಕಟ್ಟುತ್ತಾರೆ. ಈ ಒಂದು ವಿಷಯ ಮನೆಮನೆಗೆ ತಲುಪಿದರೂ ಎಷ್ಟೋ ಕಣ್ಣೀರು ಕಡಿಮೆಯಾಗುತ್ತದೆ.

1998ರ ಆಗಸ್ಟ್‌ನಲ್ಲಿ, ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಅವರ ಲ್ಯಾಬ್‌ನಲ್ಲಿ, ಏನೂ ಮಾಡದೆ ಸುಮ್ನೆ ಹೋಲಿಕೆಗೆಂದು ಇಟ್ಟಿದ್ದ ಇಲಿಗಳ ಅಂಡಾಣುಗಳು ಇದ್ದಕ್ಕಿದ್ದಂತೆ ಕೆಟ್ಟವು. ಅಲ್ಲಿಯವರೆಗೆ ನೂರಕ್ಕೆ 1–2 ಅಂಡಾಣುಗಳಲ್ಲಿ ಕಾಣುತ್ತಿದ್ದ ದೋಷ ನೂರಕ್ಕೆ 40ಕ್ಕೆ ಏರಿತು. ಹುಡುಕುತ್ತಾ ಹೋದರೆ ಕಾರಣ ಸಿಕ್ಕಿದ್ದು ಬೋನು ತೊಳೆಯುವ ಜಾಗದಲ್ಲಿ. ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನ ಬೋನುಗಳನ್ನೂ ನೀರಿನ ಬಾಟಲಿಗಳನ್ನೂ ಯಾರೋ ತಪ್ಪಿ ನೆಲ ತೊಳೆಯುವ ತೀಕ್ಷ್ಣ ಕ್ಷಾರದ ಡಿಟರ್ಜೆಂಟ್ ಹಾಕಿ ತೊಳೆದಿದ್ದರು. ಪ್ಲಾಸ್ಟಿಕ್ ಹಾಳಾಗಿ ಅದರ ತಯಾರಿಗೆ ಬಳಸುವ ರಾಸಾಯನಿಕ ಬಿಸ್ಫೆನಾಲ್ ಎ, ಅಂದರೆ ಬಿಪಿಎ, ಹೊರಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಬೋನು ಬದಲಿಸಿ, ಆ ದಾಖಲೆಗಳನ್ನು ಎಸೆದು, ತಮ್ಮ ಕೆಲಸ ಮುಂದುವರಿಸುತ್ತಿದ್ದರೇನೋ. ಹಂಟ್ ಹಾಗೆ ಮಾಡಲಿಲ್ಲ. ಬೇಕೆಂದೇ ಬೋನುಗಳನ್ನು ಹಾಗೆ ತೊಳೆದು ನೋಡಿದರು, ಇಲಿಗಳಿಗೆ ಬಿಪಿಎಯನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದರು, ಎಲ್ಲ ಖಾತ್ರಿಯಾದ ಮೇಲೆ 2003ರಲ್ಲಿ ಪ್ರಕಟಿಸಿದರು. ಐದು ವರ್ಷ! ನಾನು ಮಕ್ಕಳಿಗೆ ವಿಜ್ಞಾನಿಯ ತಾಳ್ಮೆ ಅಂದರೇನು ಅಂತ ಹೇಳುವಾಗ ಕೊಡುವ ಉದಾಹರಣೆ ಇದು.

ಆಮೇಲೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕಂಡದ್ದು ಇನ್ನೂ ಗಾಬರಿಯ ವಿಷಯ. ಹೆಣ್ಣುಮಗುವಿನ ಅಂಡಾಣುಗಳು ಹುಟ್ಟುವುದು ಆಕೆ ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ, ಅಲ್ವಾ? ಹಾಗಾಗಿ ಬಸುರಿ ಇಲಿಗೆ ಬಿಪಿಎ ತಾಕಿದರೆ ಹೊಟ್ಟೆಯಲ್ಲಿರುವ ಮರಿಯ ಅಂಡಾಣುಗಳೂ ಕೆಡುತ್ತವೆ, ಅಂದರೆ ಪೆಟ್ಟು ಬೀಳುವುದು ಮೊಮ್ಮಕ್ಕಳಿಗೆ. ಇದು 2007ರ ಪ್ರಬಂಧ. 2012ರಲ್ಲಿ ರೀಸಸ್ ಮಂಗಗಳ ಭ್ರೂಣದ ಅಂಡಾಶಯದಲ್ಲೂ ಇಂಥದೇ ತೊಂದರೆ ಕಂಡಿತು.

ಈಗ ಅಂಗಡಿಗೆ ಹೋದರೆ ಡಬ್ಬಿ, ಬಾಟಲಿಗಳ ಮೇಲೆ 'ಬಿಪಿಎ ಫ್ರೀ' ಅಂತ ಇರುತ್ತದೆ. ನೋಡಿ ನಿಟ್ಟುಸಿರು ಬಿಡುತ್ತೇವೆ. ಅದರ ಬದಲು ಬಳಸುವುದರಲ್ಲಿ ಒಂದು ಬಿಸ್ಫೆನಾಲ್ ಎಸ್, ಅದೇ ಕುಟುಂಬದ್ದು. ಹಂಟ್ ಅವರ ಲ್ಯಾಬ್‌ನಲ್ಲಿ ಮತ್ತೊಮ್ಮೆ ಬೋನುಗಳು ಹಾಳಾಗಿ ಇಲಿಗಳ ಪ್ರಯೋಗದ ಫಲಿತಾಂಶ ಏರುಪೇರಾಯಿತು. ಈ ಸಲ ಬೋನುಗಳು ಬೇರೆ ಪ್ಲಾಸ್ಟಿಕ್‌ನವು, ಪಾಲಿಸಲ್ಫೋನ್‌ನವು. 2018ರ ಆ ಪ್ರಬಂಧದಲ್ಲಿ ಬದಲಿ ಬಿಸ್ಫೆನಾಲ್‌ಗಳೂ ಅಂಡಾಣು, ವೀರ್ಯಾಣು ಎರಡರ ತಯಾರಿಯನ್ನೂ ಕೆಡಿಸುತ್ತವೆ, ಗಂಡು ಇಲಿಗಳಲ್ಲಿ ಪರಿಣಾಮ ಮುಂದಿನ ತಲೆಮಾರುಗಳಿಗೂ ಹೋಗುತ್ತದೆ ಅಂತಿದೆ. ಒಂದನ್ನು ನಿಷೇಧಿಸಿ ಅದರ ತಮ್ಮನನ್ನು ಒಳಗೆ ಬಿಟ್ಟುಕೊಳ್ಳುವ ಈ ಪದ್ಧತಿಗೆ ನನ್ನ ವಿರೋಧವಿದೆ. ನಿಯಮ ಮಾಡುವುದಿದ್ದರೆ ಇಡೀ ಕುಟುಂಬಕ್ಕೇ ಮಾಡಬೇಕು.

ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲೂ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಎಷ್ಟು ಪ್ರಮಾಣ ಅಪಾಯ ಅನ್ನುವುದರಲ್ಲಿ ಸರ್ಕಾರಿ ಸಂಸ್ಥೆಗಳೇ ಜಗಳವಾಡುತ್ತಿವೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈಗಿನ ಮಟ್ಟ ಸುರಕ್ಷಿತ ಅಂದರೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನಕ್ಕೆ ದೇಹ ಸೇರಬಹುದಾದ ಬಿಪಿಎ ಮಿತಿಯನ್ನು 20,000 ಪಟ್ಟು ಇಳಿಸಿತು. ಮರುವರ್ಷ ಯುರೋಪಿಯನ್ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಅದರ ಬಳಕೆಗೆ ನಿಷೇಧ ತಂದಿತು. ನಮ್ಮಲ್ಲಿ ಮಕ್ಕಳ ಹಾಲಿನ ಬಾಟಲಿಗೆ ಪಾಲಿಕಾರ್ಬೊನೇಟ್ ಬಳಸಬಾರದು ಅಂತ ಭಾರತೀಯ ಮಾನಕ ಸಂಸ್ಥೆ (ಬಿಐಎಸ್) 2015ರಲ್ಲೇ ಹೇಳಿದೆ. ಆದರೆ ಮಗುವನ್ನು ಹೊತ್ತ ತಾಯಿ ಕುಡಿಯುವ 20 ಲೀಟರ್ ನೀರಿನ ಕ್ಯಾನ್? ಬಹಳಷ್ಟು ಕ್ಯಾನ್‌ಗಳು ಅದೇ ಪಾಲಿಕಾರ್ಬೊನೇಟ್‌ನವು. ಗೀರು ಬಿದ್ದು ಮಬ್ಬಾದರೂ ತಿರುಗುತ್ತಲೇ ಇರುತ್ತವೆ, ಟೆಂಪೊದಲ್ಲಿ ಬಿಸಿಲು ಕಾಯುತ್ತವೆ. ಬಿಸಿಯಾದಷ್ಟೂ ಬಿಪಿಎ ಜಾಸ್ತಿ ಇಳಿಯುತ್ತದೆ.

ನಿಮ್ಮ ವರದಿಗಾರರು ಬೇಸಿಗೆಯಲ್ಲಿ ಬೇರೆ ಬೇರೆ ಊರಿನ ಹಳೆಯ ಕ್ಯಾನ್‌ಗಳ ನೀರನ್ನು ಒಳ್ಳೆಯ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಲಿ. ಬಿಪಿಎ ಒಂದೇ ಸಾಲದು, ಬಿಸ್ಫೆನಾಲ್ ಎಸ್ ಕೂಡ ನೋಡಿಸಲಿ. ಬಂದ ಅಂಕಿಗಳನ್ನು ಮುಖಪುಟದಲ್ಲೇ ಹಾಕಿ.

– ಜೀವಶಾಸ್ತ್ರ ಉಪನ್ಯಾಸಕಿ, ತುಮಕೂರು