ತಕ್ಕಡಿ ತೋರಿಸದ ತೂಕ

ಮಾನ್ಯರೇ,

2020ರ ಲಾಕ್‌ಡೌನ್‌ನಲ್ಲಿ ಕ್ರೀಡಾ ಹಾಸ್ಟೆಲ್‌ಗಳೂ ಮುಚ್ಚಿದವು. ಕುಸ್ತಿ ಕಲಿಯುತ್ತಿದ್ದ ನನ್ನ ಮಗ ಟ್ರಂಕ್ ಸಮೇತ ಮನೆಗೆ ಬಂದ. ಅಲ್ಲಿ ದಿನಾ ಹಾಲು, ಮೊಟ್ಟೆ, ಬಾದಾಮಿ ಸಿಗುತ್ತಿತ್ತು. ಇಲ್ಲಿ ನನ್ನ ಗ್ಯಾರೇಜ್ ಬಂದ್. ಪಡಿತರದ ಅಕ್ಕಿ, ತಿಳಿಸಾರು, ಸಂಜೆ ಚಹಾ ಜೊತೆ ಖಾರಿ. ಹೊಟ್ಟೆಯೇನೋ ತುಂಬುತ್ತಿತ್ತು. ಅಂಗಳದಲ್ಲಿ ದಂಡ, ಬೈಠಕ್ ಹೊಡೆಯುತ್ತಿದ್ದ. ಆದರೆ ಕುಸ್ತಿಗೆ ಎದುರಾಳಿ ಬೇಕಲ್ವಾ?

ಹಾಸ್ಟೆಲ್ ತೆರೆದಾಗ ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ತೊಡೆ ಮಾತ್ರ ಸಡಿಲಾಗಿತ್ತು, ಸೊಂಟದ ಸುತ್ತ ಬೊಜ್ಜು. ಸ್ನಾಯು ಕರಗಿದ ಜಾಗಕ್ಕೆ ಕೊಬ್ಬು ಬಂದರೆ ತಕ್ಕಡಿಗೆ ಗೊತ್ತಾಗುವುದಿಲ್ಲ. ತೂಕ ಜಾಸ್ತಿಯಾದ ಅವನ ಗೆಳೆಯರ ಪಾಡು ಇನ್ನೂ ಕಷ್ಟ. ತಮ್ಮ ತೂಕದ ವಿಭಾಗಕ್ಕೆ ಇಳಿಯಲು ನೀರು ಬಿಟ್ಟು, ಬಿಸಿಲಲ್ಲಿ ಸ್ವೆಟರ್ ಹಾಕಿ ಓಡಿದರು. ಬೆಳೆಯುವ ಮಕ್ಕಳು, ಭಯವಾಗುತ್ತದೆ.

ಆಗ ಬಿಸಿಯೂಟದ ಅಕ್ಕಿ, ಬೇಳೆಯನ್ನು ಶಾಲಾ ಮಕ್ಕಳ ಮನೆಗೆ ಕೊಟ್ಟಿದ್ದರು. ಮುಂದೆ ಹಾಸ್ಟೆಲ್ ದೀರ್ಘ ಕಾಲ ಮುಚ್ಚಿದರೆ ಕ್ರೀಡಾ ಮಕ್ಕಳಿಗೂ ಮೊಟ್ಟೆ, ಶೇಂಗಾ, ಕಡಲೆ ಹಾಗೆಯೇ ತಲುಪಲಿ. ವಾಪಸ್ ಬಂದಾಗ ಸುಮ್ನೆ ತೂಕ ನೋಡಿ ಅಖಾಡಕ್ಕೆ ಬಿಡದೆ, ಚರ್ಮದ ಮಡಿಕೆ ಅಳೆಯುವ ಕ್ಯಾಲಿಪರ್‌ನಿಂದ ಕೊಬ್ಬನ್ನೂ ಪರೀಕ್ಷಿಸಲಿ. ಅದೇನು ದುಬಾರಿ ಯಂತ್ರವಲ್ಲ.

– ಕುಸ್ತಿಪಟುವಿನ ತಂದೆ, ಹಳಿಯಾಳ