ಸುಡಾನ್ ಮುನಿದರೆ ಕೆರಿಚೊಗೆ ಪೆಟ್ಟು

ಆತ್ಮೀಯ ಸದಸ್ಯರೇ,

ನೈರೋಬಿಯಲ್ಲಿರುವ ನಮಗೆ ಕೀನ್ಯಾದ ವಿದೇಶಾಂಗ ನೀತಿ ಅಂದರೆ ಟಿವಿಯಲ್ಲಿ ಬಂದು ಹೋಗುವ ಸುದ್ದಿ. ಕೆರಿಚೊ ಕಡೆಯ ಚಹಾ ಬೆಳೆಗಾರರಿಗೆ ಹಾಗಲ್ಲ. 2025ರ ಮಾರ್ಚ್‌ನಲ್ಲಿ ಸುಡಾನ್ ಸರ್ಕಾರ ಕೀನ್ಯಾದ ಯಾವ ಸಾಮಾನೂ ಬೇಡ ಎಂದು ಆಮದು ನಿಲ್ಲಿಸಿತು. ಇಲ್ಲಿನ ಚಹಾಕ್ಕೆ ಸುಡಾನ್ ದೊಡ್ಡ ಗಿರಾಕಿಗಳಲ್ಲಿ ಒಂದಾಗಿತ್ತು.

ಈ ದೇಶದ ಚಹಾದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಸಣ್ಣ ರೈತರಿಂದ. ಎಲೆ ಕಿತ್ತು, ಹೊತ್ತು ತಂದು, ತೂಕ ಹಾಕಿಸುತ್ತಾರೆ. ಅಲ್ಲಿಂದ ಲಾರಿಯಲ್ಲಿ ಫ್ಯಾಕ್ಟರಿಗೆ, ಆಮೇಲೆ ಮೊಂಬಾಸಾ ಹರಾಜಿಗೆ. ತಿಂಗಳು ತಿಂಗಳು ಕೈಗೆ ಸಿಗುವುದು ಸ್ವಲ್ಪ. ಮಕ್ಕಳ ಫೀಸು, ಮನೆ ರಿಪೇರಿ, ಸಾಲ ಎಲ್ಲಕ್ಕೂ ನೆಚ್ಚಿಕೊಳ್ಳುವುದು ವರ್ಷದ ಬೋನಸ್ಸನ್ನು. ಆ ಬೋನಸ್ ಹರಾಜಿನ ಬೆಲೆ ಮೇಲೆ ನಿಂತಿದೆ. ದೊಡ್ಡ ಗಿರಾಕಿ ಎದ್ದು ಹೋದರೆ ಅವರ ಗತಿ ಏನು?

ಸುಡಾನ್‌ಗೆ ಸಿಟ್ಟು ಬಂದದ್ದು ಸುಮ್ನೆ ಅಲ್ಲ. 2023ರ ಏಪ್ರಿಲ್‌ನಿಂದ ಅಲ್ಲಿ ಸರ್ಕಾರ ನಡೆಸುವ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ನಡೆದಿದೆ. ಆರ್‌ಎಸ್‌ಎಫ್ ನರಮೇಧ ಮಾಡಿದೆ ಎಂದು ಅಮೆರಿಕ 2025ರ ಜನವರಿಯಲ್ಲಿ ಘೋಷಿಸಿತ್ತು. ಮರುತಿಂಗಳೇ ಅದೇ ಪಡೆ ಮತ್ತು ಅದರ ಮಿತ್ರರು ನೈರೋಬಿಗೆ ಬಂದು, ಬೇರೆಯೇ ಸರ್ಕಾರ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಿದರು. ಮಾತುಕತೆಗೆ ಜಾಗ ಕೊಟ್ಟಿದ್ದೇವೆ ಅಷ್ಟೇ ಎಂದಿತು ಕೀನ್ಯಾ ಸರ್ಕಾರ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಜಗಳವಾಡುವ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕೂರಿಸಿಕೊಂಡರೆ ಅದು ಪಂಚಾಯ್ತಿ ಅಲ್ಲ.

ಬೇಜಾರು ಯಾಕೆಂದರೆ, ಸುಡಾನ್ ವಿಷಯದಲ್ಲೇ ಕೀನ್ಯಾ ತನ್ನ ಅತಿ ದೊಡ್ಡ ಹೆಸರು ಗಳಿಸಿದ್ದು. ಉತ್ತರ-ದಕ್ಷಿಣದ ನಡುವೆ ಎರಡು ದಶಕ ನಡೆದ ಅಂತರ್ಯುದ್ಧಕ್ಕೆ ಕೊನೆ ಹಾಡಿದ ಒಪ್ಪಂದ 2005ರ ಜನವರಿ 9ರಂದು ಸಹಿಯಾದದ್ದು ಇದೇ ನೈರೋಬಿಯಲ್ಲಿ. ಅದರ ಹಿಂದೆ ಕೀನ್ಯಾದ ಮಚಾಕೋಸ್, ನೈವಾಶಾ ಊರುಗಳಲ್ಲಿ ವರ್ಷಗಟ್ಟಲೆ ನಡೆದ ಮಾತುಕತೆ ಇತ್ತು. ಕೀನ್ಯಾದ ಜನರಲ್ ಲಜಾರೊ ಸುಂಬೆಯ್ವೊ ಎರಡೂ ಕಡೆಯವರನ್ನು ತಾಳ್ಮೆಯಿಂದ ಒಂದೇ ಮೇಜಿನ ಮುಂದೆ ಕೂರಿಸಿದ್ದರು.

ಈ ದೇಶಕ್ಕೆ ದನಿಯೇನೂ ಕಡಿಮೆ ಇಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗುವ ಮೊದಲು, ಭದ್ರತಾ ಮಂಡಳಿಯಲ್ಲಿ ಕೀನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ ಮಾತಾಡಿದ್ದು ನೆನಪಿದೆಯಲ್ವಾ? ಆಫ್ರಿಕಾದವರಾದ ನಮ್ಮ ಗಡಿಗಳನ್ನು ಎಳೆದದ್ದು ಲಂಡನ್, ಪ್ಯಾರಿಸ್, ಲಿಸ್ಬನ್‌ನಲ್ಲಿ ಕೂತವರು. ನಮ್ಮವರೇ ಗಡಿಯಾಚೆ ಉಳಿದರು. ಆದರೂ ಅದನ್ನು ಸರಿಪಡಿಸಲು ಯುದ್ಧಕ್ಕೆ ಹೋಗದೆ, ಸಿಕ್ಕ ಗಡಿಯನ್ನೇ ಒಪ್ಪಿಕೊಂಡೆವು ಎಂಬುದು ಅವರ ವಾದ. ಅದೇ ಭಾಷಣದಲ್ಲಿ ಕಾನೂನು ಮುರಿಯುವ ಬೇರೆ ಬಲಾಢ್ಯ ದೇಶಗಳನ್ನೂ ಬಿಡಲಿಲ್ಲ. ಯಾರ ಪಕ್ಷವನ್ನೂ ಕಣ್ಣು ಮುಚ್ಚಿ ಹಿಡಿಯದ ಆ ಮಾತಿಗೆ ಜಗತ್ತು ಕಿವಿಗೊಟ್ಟಿತು.

ದೊಡ್ಡಣ್ಣಂದಿರ ಜತೆಗಿನ ವ್ಯವಹಾರದ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಚೀನಾ ಸಾಲದಲ್ಲಿ ಮೊಂಬಾಸಾ-ನೈರೋಬಿ ರೈಲು 2017ರಲ್ಲಿ ಓಡಿತು. 2024ರಲ್ಲಿ ಅಧ್ಯಕ್ಷ ರುಟೊ ವಾಷಿಂಗ್ಟನ್‌ಗೆ ಹೋದರು, ಮರುವರ್ಷ ಬೀಜಿಂಗ್‌ಗೆ. ಸಾಲದ ಹೊರೆ ಹೊತ್ತ ದೇಶ ಎರಡೂ ಬಾಗಿಲು ತಟ್ಟಲೇಬೇಕು. ಆದರೆ ನೆರೆಹೊರೆಯ ವಿಶ್ವಾಸ ಸಾಲ ತಂದು ತುಂಬಿಸುವಂಥದ್ದಲ್ಲ. ಸುಡಾನಿನ ಎರಡೂ ಪಕ್ಷಗಳು ಮತ್ತೆ ನಂಬುವಂತೆ ಕೀನ್ಯಾ ನಡೆದುಕೊಳ್ಳಬೇಕು. ಅದು ಚಹಾ ಮಾರಾಟಕ್ಕೆ ಮಾತ್ರ ಅಲ್ಲ, ಮನೆಮಠ ಬಿಟ್ಟು ಓಡಿದ ಲಕ್ಷಾಂತರ ಸುಡಾನಿಗರಿಗೂ ಬೇಕು.

ಚಹಾ, ಸಾಗಣೆ, ಬಂದರು ಕೆಲಸದಲ್ಲಿರುವ ಸದಸ್ಯರು ನಮ್ಮಲ್ಲಿದ್ದರೆ, ಸುಡಾನ್ ನಿಷೇಧದ ಬಿಸಿ ನಿಮಗೆ ಹೇಗೆ ತಟ್ಟಿತು ಎಂದು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.